ಬಾಯಲ್ಲಿ ಒಂದು ಅರೇಬಿಕ್, ಕಾಗದದಲ್ಲಿ ಇನ್ನೊಂದು



ಆಶಯ ಭಾಷಣ ಮಾಡಬೇಕು ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ಮೊದಲು ಒಪ್ಪಲಿಲ್ಲ. ನಾನು ಸಾಹಿತಿಯೂ ಅಲ್ಲ, ಭಾಷಾಶಾಸ್ತ್ರ ಓದಿದವನೂ ಅಲ್ಲ, ಚಾರ್ಟರ್ಡ್ ಅಕೌಂಟೆಂಟ್. "ಬೇಕಾದರೆ ವ್ಯಾಟ್ ಬಗ್ಗೆ ಮಾತಾಡ್ತೀನಿ" ಅಂದೆ. "ಬೇಡಿ ಸಾರ್, ಊಟಕ್ಕೆ ಮುಂಚೆಯೇ ಜನ ಎದ್ದು ಹೋಗ್ತಾರೆ" ಅಂದರು. ಹಾಗಾಗಿ ನನ್ನ ಕಸುಬಿಗೂ ನಿಮ್ಮೆಲ್ಲರ ಜೇಬಿಗೂ ಸಂಬಂಧಪಟ್ಟ ಬೇರೊಂದು ವಿಷಯ ತಂದಿದ್ದೇನೆ. ನಾವು ದಿನವೂ ಕೇಳುವ ಅರೇಬಿಕ್ ಒಂದು, ನಾವು ಸಹಿ ಹಾಕುವ ಅರೇಬಿಕ್ ಇನ್ನೊಂದು. ಅರಬರು ಯಾವಾಗ ಯಾವುದನ್ನು ಆರಿಸುತ್ತಾರೆ, ಏಕೆ ಆರಿಸುತ್ತಾರೆ ಎಂಬುದು ಗೊತ್ತಿಲ್ಲದೆ ಇಲ್ಲಿ ಇಪ್ಪತ್ತು ವರ್ಷ ದುಡಿದು ವಾಪಸು ಹೋದವರಿದ್ದಾರೆ. ಗೊತ್ತಿಲ್ಲದ್ದರಿಂದ ದುಡ್ಡು ಕಳೆದುಕೊಂಡವರೂ ಇದ್ದಾರೆ. ಅಂಥ ಒಬ್ಬರ ಲೆಕ್ಕವನ್ನು ನಾನೇ ಬರೆದಿದ್ದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ವಾರ್ತೆ ಓದಿದ ಅಕೌಂಟೆಂಟ್

ನಾನು ದುಬೈಗೆ ಬಂದದ್ದು 2008ರಲ್ಲಿ. ಬರುವ ಮೊದಲು ಬೆಂಗಳೂರಿನಲ್ಲಿ ಒಂದು ಪುಸ್ತಕ ಕೊಂಡು, ಆರು ತಿಂಗಳು ಕೂತು ಅರೇಬಿಕ್ ಕಲಿತಿದ್ದೆ. ಆಫೀಸಿಗೆ ಸೇರಿದ ಮೊದಲ ವಾರವೇ ನಮ್ಮ ಮಂದೂಬ್, ಅಂದರೆ ಸರ್ಕಾರಿ ಕಚೇರಿಗಳ ಕೆಲಸ ಮಾಡಿಸುವವರು, ಎದುರು ಸಿಕ್ಕರು. ಧೈರ್ಯ ಮಾಡಿ "ಕೈಫ ಹಾಲುಕ? ಉರೀದು..." ಎಂದು ಶುರು ಮಾಡಿದೆ. "ಹೇಗಿದ್ದೀರಿ? ನನಗೆ ಬೇಕಾಗಿರುವುದು..." ಎಂದು ಅದರ ಅರ್ಥ. ಅವರು ಜೋರಾಗಿ ನಕ್ಕರು. ಹೆಗಲ ಮೇಲೆ ಕೈ ಹಾಕಿ, ನೀನು ಟೀವಿಯಲ್ಲಿ ವಾರ್ತೆ ಓದುತ್ತಿದ್ದೀಯಾ ಎಂದು ಕೇಳಿದರು.

ನನ್ನ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಕೆ. ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪಿನವಳ ಮುಂದೆ ನಿಂತು "ಅಮ್ಮಾ, ಈ ಸೊಪ್ಪಿನ ದರವನ್ನು ದಯಮಾಡಿ ತಿಳಿಸುವಿರಾ" ಅಂದರೆ ಅದರಲ್ಲೂ ತಪ್ಪಿಲ್ಲ. ಆದರೆ ಅವಳು ನಗುತ್ತಾಳೆ, ಅಥವಾ ಇವನು ನಾಟಕ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾಳೆ. ನನ್ನದೂ ಅದೇ ಕಥೆ. ಪುಸ್ತಕ ನನಗೆ ಕಲಿಸಿದ್ದು ಫುಸ್‌ಹಾ, ಅಂದರೆ ಶಿಷ್ಟ ಅರೇಬಿಕ್. ಮಂದೂಬ್ ನನ್ನಿಂದ ನಿರೀಕ್ಷಿಸಿದ್ದು ಆಮ್ಮಿಯಾ, ಅಂದರೆ ಜನರ ಆಡುಮಾತು. ಇಲ್ಲಿ ಅದು ಖಲೀಜಿ, ಕೊಲ್ಲಿ ಸೀಮೆಯ ಮಾತು. ಅದರಲ್ಲಿ "ಹೇಗಿದ್ದೀಯಾ" ಅನ್ನುವುದಕ್ಕೆ "ಶ್ಲೋನಕ್". ಅಕ್ಷರಶಃ ನೋಡಿದರೆ "ನಿನ್ನ ಬಣ್ಣ ಹೇಗಿದೆ" ಎಂದು ಕೇಳಿದ ಹಾಗೆ.

ಎರಡರ ನಡುವಿನ ಅಂತರ ನಮ್ಮ "ಬರುತ್ತೇನೆ" ಮತ್ತು "ಬರ್ತೀನಿ" ನಡುವಿನದಕ್ಕಿಂತ ದೊಡ್ಡದು. ದಿನಬಳಕೆಯ ಎಷ್ಟೋ ಪದಗಳೇ ಬೇರೆ. "ಈಗ" ಅನ್ನುವುದಕ್ಕೆ ಫುಸ್‌ಹಾದಲ್ಲಿ "ಅಲ್‌ಆನ್", ಇಲ್ಲಿಯವರ ಬಾಯಲ್ಲಿ "ಅಲ್‌ಹೀನ್", ಲೆಬನಾನಿನವರಿಗೆ "ಹಲ್ಲಅ", ಈಜಿಪ್ಟಿನವರಿಗೆ "ದಿಲ್ವಅತಿ". ಕಾಫಿ ಬರೆಯುವಾಗ "ಕಹ್ವಾ", ಇಲ್ಲಿ ಕುಡಿಯುವಾಗ "ಗಹ್ವಾ", ಕೈರೋದಲ್ಲಿ "ಅಹ್ವಾ". ನನ್ನ ಕಸುಬಿನ ಉದಾಹರಣೆ ಇನ್ನೂ ಮಜಾ. ಸಂಬಳಕ್ಕೆ ನಮ್ಮ ಎಮಿರಾತಿ ಪಾಲುದಾರರು "ಮಆಶ್" ಅನ್ನುತ್ತಿದ್ದರು. ಪಕ್ಕದ ಮೇಜಿನ ಈಜಿಪ್ಟ್ ಅಕೌಂಟೆಂಟ್‌ಗೆ ಮಆಶ್ ಅಂದರೆ ಪಿಂಚಣಿ, ಸಂಬಳ ಅಂದರೆ "ಮುರತ್ತಬ್". ಆಫೀಸಿನ ಪತ್ರದಲ್ಲಿ "ರಾತಿಬ್", ಕಾರ್ಮಿಕ ಕಾನೂನಿನಲ್ಲಿ "ಅಜ್ರ್". ನಮ್ಮಲ್ಲಿ ಮೈಸೂರಿನವರಿಗೆ ಸಂಬಳ, ಹುಬ್ಬಳ್ಳಿಯವರಿಗೆ ಪಗಾರ, ಸರ್ಕಾರದ ಆದೇಶಕ್ಕೆ ವೇತನ ಇದ್ದ ಹಾಗೆ.

ಯಾರ ತಾಯ್ನುಡಿಯೂ ಅಲ್ಲದ ಭಾಷೆ

ಅರಬ್ ಒಕ್ಕೂಟದಲ್ಲಿ 22 ದೇಶಗಳಿವೆ. ಎಲ್ಲ ಕಡೆಯೂ ಪತ್ರಿಕೆ, ಕಾನೂನು, ಪಠ್ಯಪುಸ್ತಕಗಳು ಬಹುಮಟ್ಟಿಗೆ ಒಂದೇ ಫುಸ್‌ಹಾದಲ್ಲಿರುತ್ತವೆ. ಆದರೆ ಆ 22 ದೇಶಗಳಲ್ಲಿ ಯಾವ ತಾಯಿಯೂ ಮಗುವಿಗೆ ಫುಸ್‌ಹಾದಲ್ಲಿ ಲಾಲಿ ಹಾಡುವುದಿಲ್ಲ. ಮಗು ಮನೆಯಲ್ಲಿ ಆಡುಮಾತು ಕಲಿತು, ಶಾಲೆಗೆ ಹೋಗಿ ಫುಸ್‌ಹಾ ಕಲಿಯಬೇಕು. ಅರಬ್ ಮಕ್ಕಳಿಗೂ ಅದು ಸುಲಭದ ವಿಷಯವಲ್ಲ. 1979ರಲ್ಲಿ ಕುವೈತಿನಲ್ಲಿ ತಯಾರಾದ "ಇಫ್ತಹ್ ಯಾ ಸಿಮ್‌ಸಿಮ್" ಎಂಬ ಮಕ್ಕಳ ಟೀವಿ ಕಾರ್ಯಕ್ರಮ ಸರಳ ಫುಸ್‌ಹಾದಲ್ಲಿತ್ತು. ಹಲವು ದೇಶಗಳ ಮಕ್ಕಳಿಗೆ ಒಂದೇ ಕಾರ್ಯಕ್ರಮ ತಲುಪಲಿ, ಶಾಲೆಯ ಭಾಷೆ ಕಿವಿಗೆ ಮೊದಲೇ ಬೀಳಲಿ ಎಂಬುದು ಉದ್ದೇಶ.

ಒಂದೇ ಸಮಾಜದಲ್ಲಿ ಒಂದು ಭಾಷೆಯ ಎರಡು ರೂಪಗಳು ಕೆಲಸ ಹಂಚಿಕೊಂಡು ಬದುಕುವ ಈ ಸ್ಥಿತಿಗೆ ಡೈಗ್ಲಾಸಿಯಾ ಎಂಬ ಹೆಸರಿದೆ. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಬರೆದ ಲೇಖನದಿಂದ ಇದು ಪ್ರಸಿದ್ಧವಾಯಿತು. ಅವರು ಕೊಟ್ಟ ನಾಲ್ಕು ಮುಖ್ಯ ಉದಾಹರಣೆಗಳು ಅರೇಬಿಕ್, ಗ್ರೀಕ್, ಸ್ವಿಟ್ಜರ್ಲೆಂಡಿನ ಜರ್ಮನ್ ಮತ್ತು ಹೈಟಿಯ ಭಾಷೆ. ಯಾವ ಸಂದರ್ಭಕ್ಕೆ ಯಾವ ರೂಪ ಎಂದು ಅವರು ಒಂದು ಪಟ್ಟಿಯನ್ನೂ ಮಾಡಿದ್ದರು. ಪ್ರಾರ್ಥನಾ ಮಂದಿರದ ಪ್ರವಚನ, ಸಂಸತ್ತಿನ ಭಾಷಣ, ವಿಶ್ವವಿದ್ಯಾಲಯದ ಪಾಠ, ವಾರ್ತೆ, ಸಂಪಾದಕೀಯ, ಪತ್ರ, ಇವೆಲ್ಲ ಶಿಷ್ಟ ರೂಪದಲ್ಲಿ. ಮನೆಯವರೊಡನೆ ಮಾತು, ಸ್ನೇಹಿತರ ಹರಟೆ, ರೇಡಿಯೋ ಧಾರಾವಾಹಿ, ವ್ಯಂಗ್ಯಚಿತ್ರದ ಅಡಿಬರಹ, ಇವು ಆಡುಮಾತಿನಲ್ಲಿ. ಆಡುಮಾತಿನ ಕಡೆ ಇನ್ನೊಂದು ಬಾಬತ್ತೂ ಇದೆ: ಮನೆಗೆಲಸದವರಿಗೆ, ಹೋಟೆಲ್ ಮಾಣಿಗಳಿಗೆ, ಕಾರ್ಮಿಕರಿಗೆ, ಗುಮಾಸ್ತರಿಗೆ ಹೇಳುವ ಮಾತು. ಅದನ್ನು ಓದಿದಾಗ ನಾವೆಲ್ಲ ಆ ಒಂದು ಸಾಲಿನೊಳಗೇ ಇದ್ದೇವಲ್ಲ ಅನ್ನಿಸಿತು.

ಎರಡಲ್ಲ, ಮೆಟ್ಟಿಲುಗಳು

ಫರ್ಗ್ಯುಸನ್ ಹೇಳಿದ್ದು ಸ್ಥೂಲ ಚಿತ್ರ. ಈಜಿಪ್ಟಿನ ವಿದ್ವಾಂಸ ಎಸ್ಸಾಯಿದ್ ಬದವಿ 1973ರಲ್ಲಿ ತಮ್ಮ ದೇಶದ ಅರೇಬಿಕ್‌ನಲ್ಲಿ ಐದು ಹಂತಗಳನ್ನು ಗುರುತಿಸಿದರು. ಪರಂಪರೆಯ ಫುಸ್‌ಹಾ, ಇಂದಿನ ಕಾಲದ ಫುಸ್‌ಹಾ, ವಿದ್ವಾಂಸರ ಆಡುಮಾತು, ಸಾಮಾನ್ಯ ವಿದ್ಯಾವಂತರ ಆಡುಮಾತು, ಓದು ಬರಹ ಬಾರದವರ ಆಡುಮಾತು. ಒಬ್ಬನೇ ಮನುಷ್ಯ ಒಂದೇ ದಿನ ಇವುಗಳಲ್ಲಿ ಮೂರು ನಾಲ್ಕನ್ನು ಹತ್ತಿ ಇಳಿಯಬಹುದು.

ಇದನ್ನು ನೋಡಲು ಸಂಶೋಧನೆ ಬೇಕಿಲ್ಲ, ನಮ್ಮ ಮಂದೂಬ್ ಪಕ್ಕ ಹತ್ತು ನಿಮಿಷ ಕೂತರೆ ಸಾಕು. ಸರ್ಕಾರಿ ಕಚೇರಿಗೆ ಫೋನ್ ಮಾಡುತ್ತಾರೆ. ಮೊದಲ ಎರಡು ನಿಮಿಷ ಖಲೀಜಿಯಲ್ಲಿ ಕುಶಲೋಪರಿ: ಮಕ್ಕಳು, ಆರೋಗ್ಯ, ಹಬ್ಬ. ಆಮೇಲೆ ಕಡತದ ಪತ್ರ ಓದಿ ಹೇಳುವಾಗ ದನಿ ಗಟ್ಟಿಯಾಗುತ್ತದೆ, ಫುಸ್‌ಹಾ ಬರುತ್ತದೆ. ಆ ಕಡೆಯವರು ಏನೋ ತೊಡಕು ಹೇಳಿದರೆ ಮತ್ತೆ ಆಡುಮಾತಿಗೆ ಇಳಿದು ಅಣ್ಣಾ ತಮ್ಮಾ ಎಂದು ಗೋಗರೆಯುತ್ತಾರೆ. ಕೊನೆಗೆ ಕಾನೂನಿನ ಕಲಂ ಎತ್ತುವಾಗ ಫುಸ್‌ಹಾ, ಫೋನ್ ಇಡುವಾಗ ಖಲೀಜಿ. ಅವರಿಗೆ ಇದು ಗೊತ್ತೇ ಆಗುವುದಿಲ್ಲ. ನಿಯಮ, ಉಲ್ಲೇಖ, ಗಂಭೀರ ತೀರ್ಮಾನಕ್ಕೆ ಫುಸ್‌ಹಾ. ಸಲುಗೆ, ತಮಾಷೆ, ಗದರಿಕೆ, ವಿವರಣೆಗೆ ಆಡುಮಾತು.

ಎದುರಿಗೆ ಯಾರಿದ್ದಾರೆ ಎಂಬುದೂ ಮುಖ್ಯ. ಆಫೀಸಿನ ಸಭೆಯಲ್ಲಿ ಎಮಿರಾತಿ, ಲೆಬನಾನಿ, ಈಜಿಪ್ಟಿನವರು, ಮೊರಾಕ್ಕೋದವರು ಒಟ್ಟಿಗೆ ಕೂತರೆ ಪ್ರತಿಯೊಬ್ಬರೂ ತಮ್ಮೂರಿನ ಗಟ್ಟಿ ಪದಗಳನ್ನು ಬಿಟ್ಟು ಎಲ್ಲರಿಗೂ ತಿಳಿಯುವ ಮಾತಿಗೆ ಬರುತ್ತಾರೆ. ಅದಕ್ಕೆ ಅರಬರೇ "ಲಹ್‌ಜಾ ಬೈದಾ", ಬಿಳಿ ನುಡಿ, ಎಂದು ಹೆಸರಿಟ್ಟಿದ್ದಾರೆ. ಹೆಚ್ಚು ತ್ಯಾಗ ಮಾಡುವವರು ಮೊರಾಕ್ಕೋದವರೇ, ಏಕೆಂದರೆ ಅವರ ದಾರಿಜಾ ಉಳಿದವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಈಜಿಪ್ಟಿನವರಿಗೆ ಆ ಕಷ್ಟ ಕಡಿಮೆ. ಅವರ ಸಿನಿಮಾಗಳನ್ನು ಎಲ್ಲರೂ ನೋಡಿ ಬೆಳೆದಿದ್ದಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಫುಸ್‌ಹಾ ಮೇಲು, ಆಡುಮಾತು ಕೀಳು, ಹಾಗಾಗಿ ಓದಿದವರೆಲ್ಲ ಫುಸ್‌ಹಾ ಕಡೆ ವಾಲುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ಹಾಗೇನಿಲ್ಲ. ಗೌರವ ಅನ್ನುವುದು ಆಡುಮಾತುಗಳ ಒಳಗೂ ಇದೆ. ಜೋರ್ಡಾನಿನ ಅಮ್ಮಾನ್ ನಗರವನ್ನು ನೋಡಿ. ಫುಸ್‌ಹಾದ "ಕಾಫ್" ಅಕ್ಷರವನ್ನು ಅಲ್ಲಿ "ಗ" ಎಂದು ಉಚ್ಚರಿಸಿದರೆ ಅದು ಸ್ಥಳೀಯ, ಗಂಡಸಿನ ಗಟ್ಟಿ ಮಾತು. ಅದೇ ಅಕ್ಷರವನ್ನು ಗಂಟಲಲ್ಲೇ ಕತ್ತರಿಸಿ "ಅ" ಎಂದರೆ ಪೇಟೆಯ ನಯದ ಮಾತು, ಹೆಂಗಸರಲ್ಲಿ ಹೆಚ್ಚು. ಎರಡೂ ಫುಸ್‌ಹಾ ಅಲ್ಲ. ಎಷ್ಟೋ ಗಂಡಸರು ಎದುರಿಗಿರುವವರನ್ನು ನೋಡಿ ಎರಡರ ನಡುವೆ ಓಡಾಡುತ್ತಾರೆ.

ಆಯ್ಕೆಯೇ ಸಂದೇಶವಾದಾಗ

ದೊಡ್ಡ ನಾಯಕರೂ ಇದೇ ಆಟ ಆಡಿದ್ದಾರೆ. ಈಜಿಪ್ಟಿನ ಅಧ್ಯಕ್ಷ ಗಮಾಲ್ ಅಬ್ದುಲ್ ನಾಸಿರ್ ತಮ್ಮ ಭಾಷಣಗಳಲ್ಲಿ ತತ್ವ, ಘೋಷಣೆಗಳನ್ನು ಫುಸ್‌ಹಾದಲ್ಲಿ ಹೇಳಿ, ಅದನ್ನು ಬಿಡಿಸಿ ಹೇಳುವಾಗ ಕೈರೋದ ಆಡುಮಾತಿಗೆ ಇಳಿಯುತ್ತಿದ್ದರು. ಮೊದಲನೆಯದರಲ್ಲಿ ಅಧ್ಯಕ್ಷ, ಎರಡನೆಯದರಲ್ಲಿ ಮನೆ ಮಗ.

ಟುನೀಸಿಯಾದ ಬೆನ್ ಅಲಿ 23 ವರ್ಷ ಆಳಿದರು, ಜನರೆದುರು ಫುಸ್‌ಹಾದಲ್ಲೇ ಭಾಷಣ ಮಾಡುತ್ತ ಬಂದರು. 2011ರ ಜನವರಿ 13ರಂದು, ದೇಶವೆಲ್ಲ ಬೀದಿಗಿಳಿದಿದ್ದಾಗ, ಅವರು ಟೀವಿಯಲ್ಲಿ ಟುನೀಸಿಯಾದ ಆಡುಮಾತಿನಲ್ಲಿ ಮಾತಾಡಿದರು. ನಿಮ್ಮನ್ನು ಅರ್ಥ ಮಾಡಿಕೊಂಡಿದ್ದೇನೆ ಎಂದು ಮತ್ತೆ ಮತ್ತೆ ಹೇಳಿದರು. ಜನ ಮಾತಿನ ಅರ್ಥಕ್ಕಿಂತ ಮೊದಲು ಭಾಷೆ ಬದಲಾದದ್ದನ್ನು ಕೇಳಿಸಿಕೊಂಡರು: ಇವನಿಗೆ ಭಯವಾಗಿದೆ. ಮರುದಿನ ಅವರು ದೇಶ ಬಿಟ್ಟು ಸೌದಿ ಅರೇಬಿಯಾಕ್ಕೆ ಹೋದರು.

ಬರಹದಲ್ಲೂ ಗಡಿ ಸರಿಯುತ್ತಿದೆ. ನೊಬೆಲ್ ಪಡೆದ ನಗೀಬ್ ಮಹ್‌ಫೂಜ್ ಕೈರೋದ ಓಣಿಯ ಜನರ ಸಂಭಾಷಣೆಯನ್ನೂ ಫುಸ್‌ಹಾದಲ್ಲೇ ಬರೆದರು. ಇವತ್ತಿನ ಹುಡುಗರು ವಾಟ್ಸಾಪಿನಲ್ಲಿ ಆಡುಮಾತನ್ನೇ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಅರೇಬಿಕ್‌ನ "ಐನ್" ಅಕ್ಷರಕ್ಕೆ 3, ಗಂಟಲಿನ "ಹಾ"ಗೆ 7 ಹಾಕುತ್ತಾರೆ. ಮೊದಲ ಸಲ ಅಂಥ ಮೆಸೇಜ್ ನೋಡಿದಾಗ ಯಾವುದೋ ಇನ್‌ವಾಯ್ಸ್ ನಂಬರ್ ಇರಬೇಕು ಎಂದು ಹುಡುಕಿದ್ದೆ. 2008ರಲ್ಲಿ ತುರ್ಕಿಯ "ನೂರ್" ಧಾರಾವಾಹಿ ಸಿರಿಯಾದ ಆಡುಮಾತಿಗೆ ಡಬ್ ಆಗಿ ಬಂದಾಗ ಅರಬ್ ಮನೆಗಳೆಲ್ಲ ಟೀವಿ ಮುಂದೆ ಕೂತವು. ಪ್ರೀತಿಯ ಮಾತು ಪುಸ್ತಕದಂತಿರದೆ ಮನೆ ಮಾತಿನಂತಿತ್ತು.

ನಮಗಾಗಿ ಮೂರನೆಯ ಅರೇಬಿಕ್

ಈಗ ನಮ್ಮ ವಿಷಯಕ್ಕೆ ಬರೋಣ. ಅರಬರು ನಮ್ಮೊಂದಿಗೆ ಮಾತಾಡುವಾಗ ಎಷ್ಟೋ ಸಲ ಫುಸ್‌ಹಾವೂ ಇಲ್ಲ, ನಿಜವಾದ ಖಲೀಜಿಯೂ ಇಲ್ಲ. "ಅಂತಾ ರೂಹ್ ಸೀದಾ", "ಮಾಫಿ ಮುಶ್ಕಿಲಾ", "ಬುಕ್ರಾ ಫುಲೂಸ್". ಇದು ಅರಬರೂ ನಾವೂ ಮಲಯಾಳಿಗಳೂ ಪಠಾಣರೂ ಬಾಂಗ್ಲಾದವರೂ ಸೇರಿ ಕಟ್ಟಿಕೊಂಡ ಕೆಲಸದ ಮಾತು. ವಿದ್ವಾಂಸರು ಇದನ್ನು ಗಲ್ಫ್ ಪಿಜಿನ್ ಅನ್ನುತ್ತಾರೆ. ಇದರಲ್ಲಿ ಕ್ರಿಯಾಪದಕ್ಕೆ ರೂಪ ಹೆಚ್ಚಿಲ್ಲ. ನಿನ್ನೆ ಹೋದದ್ದೂ ನಾಳೆ ಹೋಗುವುದೂ "ರೂಹ್". "ಸೀದಾ" ನಮ್ಮ ಕಡೆಯಿಂದ ಬಂದದ್ದು, ಅದು ಖಲೀಜಿಯೊಳಗೂ ಸೇರಿದೆ. ಫ್ಯಾನಿಗೆ ಇಲ್ಲಿನ ಹಳಬರು "ಬಂಕಾ" ಅನ್ನುತ್ತಾರೆ, ಅದು ಹಿಂದಿಯ ಪಂಖಾ. ಗುಮಾಸ್ತನಿಗೆ "ಕರ್ರಾನಿ". ಕೇಳಿದಾಗ ನನಗೆ ನಮ್ಮೂರ ಕರಣಿಕರು ನೆನಪಾದರು.

ಈ ಮಾತನ್ನು ನಾನು ಹೀಗಳೆಯುವುದಿಲ್ಲ. ಇದರಲ್ಲಿ ಸ್ನೇಹ ಇದೆ, ಕೆಲಸ ನಡೆಯುತ್ತದೆ. ಆದರೆ ಇದರಲ್ಲಿ ಹೇಳಿದ್ದಕ್ಕೆ ದಾಖಲೆಯಿಲ್ಲ. ದಾಖಲೆ ಇರುವುದೆಲ್ಲ ಫುಸ್‌ಹಾದಲ್ಲಿ. ಎರಡು ಭಾಷೆಯಲ್ಲಿ ಅಚ್ಚಾದ ಕರಾರಿನಲ್ಲಿ ವ್ಯತ್ಯಾಸ ಬಂದರೆ ಇಲ್ಲಿ ನಿಲ್ಲುವುದು ಅರೇಬಿಕ್ ಪಾಠ.

ತಮಾಷೆ ಎಂದರೆ ಆ ಕಾಗದದ ಅರೇಬಿಕ್ ನಮಗೆ ಅಷ್ಟೇನೂ ದೂರದ್ದಲ್ಲ. ಜಮಾ, ಬಾಕಿ, ವಸೂಲಿ, ಜಾಮೀನು, ವಕೀಲ, ಹಕ್ಕು, ಹಾಜರು, ಗೈರು, ಇವೆಲ್ಲ ಪಾರ್ಸಿ ಆಡಳಿತದ ಮೂಲಕ ಕನ್ನಡಕ್ಕೆ ಬಂದ ಅರೇಬಿಕ್ ಪದಗಳು. ಇಲ್ಲಿನ ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಯುವಾಗ ಮೊದಲು "ಫಕತ್", ಕೊನೆಗೆ "ಲಾ ಗೈರ್" ಎಂದು ಬರೆಯುತ್ತಾರೆ. ಮೊದಲನೆಯದು ಧಾರವಾಡದ "ಫಕ್ತ". ಎರಡನೆಯದರಲ್ಲಿ ಇರುವುದು ನಮ್ಮ ಗೈರುಹಾಜರಿಯ ಗೈರು: ಇದು ಬಿಟ್ಟು ಬೇರೆ ಇಲ್ಲ.

9,000 ದಿರ್ಹಮ್

2013ರಲ್ಲಿ ನಾನಿದ್ದ ಒಂದು ಕಂಪನಿ ಕೆಲವರನ್ನು ಕೆಲಸದಿಂದ ತೆಗೆಯಿತು. ಅವರಲ್ಲಿ ಗದಗ ಕಡೆಯ ಒಬ್ಬ ಡ್ರೈವರ್ ಇದ್ದರು. 9 ವರ್ಷದ ಸೇವೆ, ಮೂಲ ವೇತನ 1,200 ದಿರ್ಹಮ್. ಸೇವಾಂತ್ಯದ ಹಣದ ಲೆಕ್ಕ ನಾನೇ ಮಾಡಿದೆ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದಂತೆ 105 ದಿನ. ಮುಂದಿನ 4 ವರ್ಷಕ್ಕೆ 30 ದಿನದಂತೆ 120 ದಿನ. ಒಟ್ಟು 225 ದಿನ. ದಿನಕ್ಕೆ 40 ದಿರ್ಹಮ್. 9,000.

ಆಫೀಸಿನ ಮ್ಯಾನೇಜರ್ ಅವರನ್ನು ಕೂರಿಸಿ, ಚಹಾ ತರಿಸಿ, ಹೆಗಲು ತಟ್ಟಿ ಹೇಳಿದರು: "ಮಾಫಿ ಮುಶ್ಕಿಲಾ ಸದೀಕ್, ಬುಕ್ರಾ ಫುಲೂಸ್." ತೊಂದರೆ ಇಲ್ಲ ಗೆಳೆಯಾ, ನಾಳೆ ದುಡ್ಡು. ಡ್ರೈವರ್ ಕಾಗದಕ್ಕೆ ಸಹಿ ಹಾಕಿ ನನ್ನ ಮೇಜಿಗೆ ತಂದುಕೊಟ್ಟರು. "ಸಾಹೇಬ್ರ, ಭಾಳ ಚಲೋ ಮನಷ್ಯಾ ಅದಾನ್ರೀ. ನಾಳಿಗೆ ರೊಕ್ಕ ಬರತೈತಂತ" ಅಂದರು.

ನಾನು ಕಾಗದ ನೋಡಿದೆ. ನನ್ನ ಪುಸ್ತಕದ ಅರೇಬಿಕ್ ಅಷ್ಟಕ್ಕೆ ಸಾಕಿತ್ತು. ಮೊದಲ ಪದ "ಇಸ್ತಲಮ್ತು", ಅಂದರೆ "ಸ್ವೀಕರಿಸಿದ್ದೇನೆ". ಏನನ್ನು? "ಕಾಫ್ಫತ ಮುಸ್ತಹಕ್ಕಾತಿ", ನನಗೆ ಬರಬೇಕಾದ ಎಲ್ಲವನ್ನೂ. ಆ ಪದದೊಳಗೆ ನಮ್ಮ ಹಕ್ಕು ಕೂತಿದೆ. ಮುಂದೆ, ಕಂಪನಿಯ "ದಿಮ್ಮಾ"ವನ್ನು ಬಿಡುಗಡೆ ಮಾಡಿದ್ದೇನೆ. ಹಿಂದಿಯ ಜಿಮ್ಮೇದಾರಿಯ ಜಿಮ್ಮಾ ಅದೇ. ಬಾಯಿಮಾತಿನಲ್ಲಿ ನಾಳೆ ಬರುವ ದುಡ್ಡು ಕಾಗದದಲ್ಲಿ ನಿನ್ನೆಯೇ ಬಂದಾಗಿತ್ತು.

ಮ್ಯಾನೇಜರ್ ಬೇಕೆಂದೇ ಸುಳ್ಳು ಹೇಳಿದರು ಎಂದು ಇವತ್ತಿಗೂ ನಾನು ಹೇಳಲಾರೆ. "ಬುಕ್ರಾ" ಅಂದದ್ದು ಸಮಾಧಾನದ ಮಾತು, ಅದಕ್ಕೆ ತಕ್ಕ ಭಾಷೆಯಲ್ಲಿ ಹೇಳಿದರು. ಕಾಗದ ಕಾನೂನಿನ ಮಾತು, ಅದು ಅದರ ಭಾಷೆಯಲ್ಲಿತ್ತು. ಅವರಿಗೆ ಅವೆರಡೂ ಬೇರೆ ಬೇರೆ ಕೋಣೆಗಳು. ಡ್ರೈವರ್‌ಗೆ ಗೊತ್ತಿದ್ದದ್ದು ಒಂದೇ ಕೋಣೆ. ಎರಡರ ಬಾಗಿಲಲ್ಲಿ ನಿಂತಿದ್ದವನು ನಾನು. ನನಗೆ ಆಗ ಸಾಲ ಇತ್ತು, ವೀಸಾ ಅದೇ ಕಂಪನಿಯದು. ಕಾಗದವನ್ನು ಫೈಲಿಗೆ ಸೇರಿಸಿದೆ.

ಅವರು ಊರಿಗೆ ಹೋದ ಮೂರು ತಿಂಗಳ ಮೇಲೆ 4,500 ದಿರ್ಹಮ್ ಕಳಿಸಿದರು. ಉಳಿದದ್ದು ಹೋಗಲಿಲ್ಲ. ನಾನು ಒಮ್ಮೆ ನೆನಪಿಸಿದಾಗ ಅದೇ ಮ್ಯಾನೇಜರ್ ಫೈಲ್ ತೆರೆದು, ಸಹಿಯ ಮೇಲೆ ಬೆರಳಿಟ್ಟು, ಈ ಸಲ ಒಳ್ಳೆಯ ಫುಸ್‌ಹಾದಲ್ಲಿ ಓದಿ ಹೇಳಿದರು. ಡ್ರೈವರ್ ನನಗೆ ಎರಡು ಸಲ ಫೋನ್ ಮಾಡಿದ್ದರು. ಎರಡನೆಯ ಸಲ ನಾನು ಎತ್ತಲಿಲ್ಲ.

ನಾವು ಮಾಡಬಹುದಾದದ್ದು

ಅಂದಿನಿಂದ ಕಾನೂನು ಬದಲಾಗಿದೆ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಕರಾರು ಮುಗಿದ 14 ದಿನದೊಳಗೆ ಬಾಕಿ ಎಲ್ಲವನ್ನೂ ಕೊಡಬೇಕು. ಅಬುಧಾಬಿಯ ನ್ಯಾಯಾಂಗ ಇಲಾಖೆ 2019ರಲ್ಲಿ ಕಾರ್ಮಿಕ ಮೊಕದ್ದಮೆಗಳಿಗೆ ಅರೇಬಿಕ್, ಇಂಗ್ಲಿಷ್ ಜೊತೆ ಹಿಂದಿಯನ್ನೂ ಸೇರಿಸಿತು. ಒಳ್ಳೆಯ ಹೆಜ್ಜೆಗಳೇ. ಆದರೆ ಸಹಿ ಹಾಕುವ ಕೈ ನಮ್ಮದು.

ಮೂರು ಮಾತು ಹೇಳುತ್ತೇನೆ. ಒಂದು, ದುಡ್ಡು ಬ್ಯಾಂಕಿಗೆ ಬಂದ ಮೇಲೆ "ಇಸ್ತಲಮ್ತು" ಇರುವ ಕಾಗದಕ್ಕೆ ಸಹಿ ಹಾಕಿ, ಮೊದಲಲ್ಲ. ಕಾಗದದಲ್ಲಿ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು. ಎರಡು, ಬಾಯಲ್ಲಿ ಕೊಟ್ಟ ಭರವಸೆಯನ್ನು ನಗುನಗುತ್ತಲೇ "ಮಕ್ತೂಬ್?" ಎಂದು ಕೇಳಿ, ಬರೆದುಕೊಡ್ತೀರಾ ಎಂದು. ಅದರಲ್ಲಿ ಅಗೌರವವಿಲ್ಲ. ಮಾತಿಗೂ ಬರಹಕ್ಕೂ ಇರುವ ಅಂತರ ನಮಗಿಂತ ಚೆನ್ನಾಗಿ ಅರಬರಿಗೇ ಗೊತ್ತು. ಮೂರು, ಖಲೀಜಿ ಕಲಿಯಿರಿ, "ಶ್ಲೋನಕ್" ಅನ್ನಿ, ಬಾಗಿಲು ತೆರೆಯುತ್ತದೆ. ಜೊತೆಗೆ ಕರಾರಿನಲ್ಲಿ ಬರುವ ಹತ್ತಿಪ್ಪತ್ತು ಫುಸ್‌ಹಾ ಪದಗಳನ್ನಾದರೂ ಕಣ್ಣಿಗೆ ಪರಿಚಯ ಮಾಡಿಕೊಳ್ಳಿ. ಮಾತಾಡುವುದು ಬೇಡ, ಗುರುತು ಹಿಡಿದರೆ ಸಾಕು.

ಸಂಘಕ್ಕೆ ಒಂದು ಕೋರಿಕೆ. ತಿಂಗಳ ಸಭೆ ಮುಗಿದ ಮೇಲೆ, ಊಟದ ಸಾಲು ಕರಗುವವರೆಗೆ, ಒಂದು ಮೇಜು ಹಾಕಿಕೊಡಿ. ಯಾರ ಹತ್ತಿರ ಅರೇಬಿಕ್ ಕಾಗದ ಇದೆಯೋ ಅವರು ತರಲಿ. ನಮ್ಮಲ್ಲಿ ಮದರಸಾದಲ್ಲಿ ಅರೇಬಿಕ್ ಓದಿದ ಕರಾವಳಿಯ ಬ್ಯಾರಿ ಗೆಳೆಯರಿದ್ದಾರೆ, ಇಲ್ಲಿಯ ಶಾಲೆಯಲ್ಲಿ ಕಲಿತ ಮಕ್ಕಳಿದ್ದಾರೆ, ಓದಿ ಹೇಳುತ್ತಾರೆ. ದೊಡ್ಡ ವಿಷಯವಾದರೆ ವಕೀಲರ ಹತ್ತಿರ, ಸಚಿವಾಲಯಕ್ಕೆ ಕಳಿಸೋಣ. ಲೆಕ್ಕ ಹಾಕಲು ನಾನು ಬರುತ್ತೇನೆ. ಆ ಮೇಜಿನ ಹತ್ತಿರ ನನ್ನ ಫೋನ್ ನಂಬರನ್ನೂ ಬರೆದಿಟ್ಟಿರುತ್ತೇನೆ. ಈಗ ಯಾರ ಕರೆ ಬಂದರೂ ಎತ್ತುತ್ತೇನೆ.